ಪೋನಿ ನೇರ ನಡೆಯಲಿ: ಡ್ರೆಸ್ಸಾಜ್ ಪಾಠದಲ್ಲಿ ನೇರತನ ಮತ್ತು ಟ್ರಾನ್ಸಿಶನ್

ಪೋನಿ ಬೇಲಿ ಪಕ್ಕದಲ್ಲೇ ಹೋಗುತ್ತಿರುವಷ್ಟು ಹೊತ್ತು ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಬೇಲಿ ಬಿಟ್ಟು ಎರಡು ಮೀಟರ್ ಒಳಗೆ ತಂದು ನೋಡಿ, ಆಗ ನಿಜ ಹೊರಬೀಳುತ್ತದೆ. ಹಿಂಭಾಗ ಒಂದು ಕಡೆ ಜಾರುತ್ತದೆ. ಭುಜ ಗೇಟಿನ ಕಡೆ ವಾಲುತ್ತದೆ. ಲಗಾಮು ಎಳೆದರೆ ಕತ್ತು ಮಾತ್ರ ಈ ಕಡೆ ತಿರುಗುತ್ತದೆ, ಪೋನಿ ಆ ಕಡೆಗೇ ಹೋಗುತ್ತದೆ. ಟ್ರಾಟ್‌ನಿಂದ (ಎರಡು ತಾಳದ ಓಟ) ವಾಕ್‌ಗೆ (ನಡಿಗೆ) ಬಾ ಅಂದರೆ ಮೂಗು ಮೇಲೆತ್ತಿ, ನಾಲ್ಕು ಹೆಜ್ಜೆ ಅಡ್ಡಾದಿಡ್ಡಿ ಇಟ್ಟು, ಆಮೇಲೆ ದಬಕ್ಕನೆ ನಿಧಾನವಾಗುತ್ತದೆ.

ನೇರ ಹೋಗದಿರುವುದು ಒಂದು ತೊಂದರೆ, ಟ್ರಾನ್ಸಿಶನ್, ಅಂದರೆ ಗತಿ ಬದಲಾಯಿಸುವುದು, ಒರಟಾಗಿರುವುದು ಇನ್ನೊಂದು ತೊಂದರೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಎರಡೂ ಒಂದೇ ಪಾಠ. ಕುದುರೆಯ ಬಲ ಇರುವುದು ಹಿಂಗಾಲಿನಲ್ಲಿ. ಹಿಂದಿನಿಂದ ತಳ್ಳುವ ಕೈಗಾಡಿಯ ಮುಂದಿನ ಚಕ್ರ ಸೊಟ್ಟಗಿದ್ದರೆ, ಎಷ್ಟು ಬಲ ಹಾಕಿದರೂ ಗಾಡಿ ಪಕ್ಕಕ್ಕೇ ಹೋಗುತ್ತದೆ, ಅಲ್ವಾ? ಪೋನಿಯ ಭುಜ ಸೊಂಟದ ಎದುರಿಗೆ ಇಲ್ಲದಿದ್ದರೂ ಹಾಗೇ ಆಗುತ್ತದೆ. ನೇರ ಇದ್ದರೆ ಮಾತ್ರ ನಿಧಾನವಾಗುವಾಗ ಅದಕ್ಕೆ ಎರಡೂ ಹಿಂಗಾಲಿನ ಮೇಲೆ ಸಮವಾಗಿ ತೂಕ ಹೊರಲು ಆಗುತ್ತದೆ. ಮತ್ತೆ, ಚೆನ್ನಾಗಿ ಮಾಡಿದ ಟ್ರಾನ್ಸಿಶನ್‌ಗಳೇ ನಿಧಾನವಾಗಿ ಪೋನಿಯನ್ನು ನೇರ ಮಾಡುತ್ತವೆ. ಅದಕ್ಕೇ ಇಲ್ಲಿ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇನೆ.

ಚಿಕ್ಕಮಗಳೂರು, ಹಾಸನದ ಕಡೆ ಎಸ್ಟೇಟಿನಲ್ಲೋ ತೋಟದ ಮನೆಯಲ್ಲೋ ಒಂದೆರಡು ಪೋನಿ ಇಟ್ಟುಕೊಂಡು ಕಲಿಯುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಇಂಥವರಿಗೆ ದೊಡ್ಡ ರೈಡಿಂಗ್ ಸ್ಕೂಲ್ ಹತ್ತಿರದಲ್ಲಿ ಇರುವುದಿಲ್ಲ. ವಾಕ್, ಟ್ರಾಟ್ ಚೆನ್ನಾಗಿ ಬಂದು, ಕ್ಯಾಂಟರ್‌ನಲ್ಲಿ (ಮೂರು ತಾಳದ ಓಟ) ಹೆದರದೆ ಕೂರುವಷ್ಟು ಅಭ್ಯಾಸ ಇದ್ದರೆ ಸಾಕು.

ಡ್ರೆಸ್ಸಾಜ್, ಅಂದರೆ ಸವಾರ ಕೇಳಿದ ಹಾಗೆ ಕುದುರೆ ಅಚ್ಚುಕಟ್ಟಾಗಿ ನಡೆಯುವ ತರಬೇತಿ ಮತ್ತು ಸ್ಪರ್ಧೆ, ದುಬಾರಿ ಕುದುರೆಗಳಿಗೆ ಮಾತ್ರ ಅನ್ನುವ ಭಾವನೆ ನಮ್ಮಲ್ಲಿದೆ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಶ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಸೇರಿ ಭಾರತಕ್ಕೆ ಡ್ರೆಸ್ಸಾಜ್ ತಂಡದ ಚಿನ್ನ ತಂದರು. ಟಿವಿಯಲ್ಲಿ ನಾವು ನೋಡಿದ್ದು ಅದರ ಮೇಲ್ತುದಿ. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಈವೆಂಟಿಂಗ್ (ಡ್ರೆಸ್ಸಾಜ್, ಕ್ರಾಸ್ ಕಂಟ್ರಿ, ಜಂಪಿಂಗ್ ಮೂರೂ ಇರುವ ಸ್ಪರ್ಧೆ) ಕೂಡ ಶುರುವಾಗುವುದು ಡ್ರೆಸ್ಸಾಜ್‌ನಿಂದಲೇ. ಆದರೆ ಇವೆಲ್ಲದರ ಬುಡದಲ್ಲಿರುವ ಕೆಲಸ ಒಂದೇ: ನೇರ ಹೋಗು, ಹೇಳಿದ ಜಾಗದಲ್ಲಿ ಗತಿ ಬದಲಾಯಿಸು. ಇದನ್ನು ಮಿಶ್ರ ತಳಿಯ ಸಣ್ಣ ಪೋನಿಯೂ ಕಲಿಯುತ್ತದೆ. ಕಲಿತರೆ ಅದರ ಬೆನ್ನು, ಕಾಲು ಜಾಸ್ತಿ ವರ್ಷ ಬಾಳುತ್ತವೆ. ನನಗೆ ಪದಕಕ್ಕಿಂತ ಇದು ಮುಖ್ಯ.

ಮೊದಲು ಜಾಗ

ಸಣ್ಣ ಡ್ರೆಸ್ಸಾಜ್ ಅರೀನಾ 20 ಮೀಟರ್ ಅಗಲ, 40 ಮೀಟರ್ ಉದ್ದ. ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಬಯಲಿನವರಿಗೆ ಇಷ್ಟು ಸಮತಟ್ಟು ಜಾಗ ಸಿಗುವುದು ಕಷ್ಟವಲ್ಲ. ಆಲ್ದೂರು, ಮೂಡಿಗೆರೆ, ಸಕಲೇಶಪುರದವರ ಕಥೆ ಬೇರೆ. ಅಲ್ಲಿ ಸಮ ಅಂತ ಕಣ್ಣಿಗೆ ಕಾಣುವ ಜಾಗವೂ ಒಂದು ಕಡೆಗೆ ಇಳಿಜಾರಾಗಿರುತ್ತದೆ. ಅಲ್ಲಿ ಪೋನಿ ಯಾವಾಗಲೂ ತಗ್ಗಿನ ಕಡೆಗೇ ಜಾರುತ್ತದೆ, ನೀವು ಅದರ ಮೈಯಲ್ಲಿ ತಪ್ಪು ಹುಡುಕುತ್ತಾ ಕೂರುತ್ತೀರಿ. ಹಾಗಾಗಿ ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ಹಿಡಿದು ನಾಲ್ಕು ಮೂಲೆಯ ಮಟ್ಟ ನೋಡಿ. ಅರ್ಧ ಗಂಟೆಯ ಕೆಲಸ ಅಷ್ಟೇ. ಪೂರ್ತಿ ಸಮ ಮಾಡಲು ಆಗದಿದ್ದರೆ ಇಳಿಜಾರು ಯಾವ ಕಡೆಗಿದೆ ಅಂತ ತಿಳಿದಿದ್ದರೂ ಸಾಕು, ಲೆಕ್ಕಕ್ಕೆ ಹಿಡಿಯಬಹುದು.

ಕಾಫಿ ಒಣಗಿಸುವ ಕಣ ಸಮವಾಗಿದೆಯಲ್ಲ, ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ಸಿಮೆಂಟ್ ಕಣ ಬೇಡವೇ ಬೇಡ. ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಿದರೆ ಕಾಲಿನ ಕೀಲಿಗೆ ಪೆಟ್ಟು. ಲಾಳ ಹಾಕಿದ ಪೋನಿ ತಿರುವಿನಲ್ಲಿ ಜಾರಿ ಬೀಳಲೂಬಹುದು. ಕಲ್ಲು ಆರಿಸಿದ ಮಣ್ಣಿನ ನೆಲ, ಮೇಲೆ ತೆಳುವಾಗಿ ಮರಳು ಇದ್ದರೆ ಒಳ್ಳೆಯದು.

ಮೂಲೆ ಸರಿಯಾಗಿ ಬರಬೇಕಾದರೆ ಟೇಪ್ ಹಿಡಿದು ಒಂದು ಬದಿಯಲ್ಲಿ 6 ಮೀಟರ್, ಇನ್ನೊಂದು ಬದಿಯಲ್ಲಿ 8 ಮೀಟರ್ ಗುರುತು ಹಾಕಿ. ಎರಡು ಗುರುತುಗಳ ನಡುವೆ 10 ಮೀಟರ್ ಬಂದರೆ ಮೂಲೆ ಸರಿಯಿದೆ. ಕೊನೆಗೆ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಎರಡು ಕಡೆಯೂ ಸುಮಾರು 44.7 ಮೀಟರ್ ಬರಬೇಕು. ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ. ಒಳಗೆ ಬರುವ ಜಾಗ ಎ, ಅದರ ಎದುರು ಸಿ. ಎ ಕಡೆಯಿಂದ ನೋಡಿದರೆ ಎಡಗಡೆ ಉದ್ದದ ಬದಿಯಲ್ಲಿ ಕೆ, ಇ, ಎಚ್. ಬಲಗಡೆ ಎಫ್, ಬಿ, ಎಂ. ಇ ಮತ್ತು ಬಿ ಸರಿಯಾಗಿ ಮಧ್ಯದಲ್ಲಿ. ಉಳಿದ ನಾಲ್ಕು ಅಕ್ಷರ ಮೂಲೆಯಿಂದ 6 ಮೀಟರ್ ದೂರದಲ್ಲಿ. ನಟ್ಟ ನಡುವೆ ಎಕ್ಸ್, ಅದಕ್ಕೆ ಬೋರ್ಡ್ ಇರುವುದಿಲ್ಲ. ಅಕ್ಷರಗಳು ಯಾಕೆ ಬೇಕು ಅಂದರೆ, "ಇಲ್ಲೆಲ್ಲೋ ನಿಲ್ಲಿಸ್ತೀನಿ" ಅನ್ನುವವರಿಗೆ ಟ್ರಾನ್ಸಿಶನ್ ಯಾವತ್ತೂ ಬರುವುದಿಲ್ಲ. "ಇ ಹತ್ತಿರ ನಿಲ್ಲಿಸ್ತೀನಿ" ಅನ್ನುವವರಿಗೆ ಬರುತ್ತದೆ.

ನೆಲದ ಮೇಲೆ ಇಡಲು ನಾಲ್ಕು ಕೋಲು ಬೇಕು. ಬಿದಿರು, ಅಡಿಕೆ ದಬ್ಬೆ ಸುಲಭವಾಗಿ ಸಿಗುತ್ತವೆ, ಆದರೆ ಪೋನಿ ತುಳಿದರೆ ಸೀಳಿ ಚೂಪಾಗುತ್ತವೆ. ತೊಗಟೆ ತೆಗೆದ ದಪ್ಪ ಸಿಲ್ವರ್ ಓಕ್ ಕೋಲು ಒಳ್ಳೆಯದು. ಹಳೇ ಪ್ಲಾಸ್ಟಿಕ್ ಸ್ಪ್ರಿಂಕ್ಲರ್ ಪೈಪ್ ಇದ್ದರೆ ಒಳಗೆ ಮರಳು ತುಂಬಿ ಎರಡೂ ತುದಿ ಮುಚ್ಚಿ. ಖಾಲಿ ಪೈಪ್ ಇಡಬೇಡಿ, ಗೊರಸಿನ ಕೆಳಗೆ ಉರುಳುತ್ತದೆ.

ಸೊಟ್ಟಗಿರುವುದು ಯಾರು?

ಪಾಠ ಶುರು ಮಾಡುವ ಮೊದಲು ನೋವು ಇದೆಯಾ ಅಂತ ನೋಡಲೇಬೇಕು. ನಿನ್ನೆವರೆಗೆ ನೇರ ಹೋಗುತ್ತಿದ್ದ ಪೋನಿ ಇವತ್ತು ಸೊಟ್ಟಗೆ ಹೋದರೆ ಅದು ಹಟ ಅಲ್ಲ. ಬೆನ್ನಿನ ಎರಡೂ ಬದಿ ಬೆರಳು ಒತ್ತಿ ಬನ್ನಿ. ಎಲ್ಲಾದರೂ ಚರ್ಮ ನಡುಗಿದರೆ, ಕಿವಿ ಹಿಂದೆ ಮಡಚಿದರೆ ಜೀನು ಹಾಕಬೇಡಿ. ಹಲ್ಲು ವರ್ಷಕ್ಕೊಮ್ಮೆಯಾದರೂ ಡಾಕ್ಟರ್ ಹತ್ತಿರ ತೋರಿಸಿ. ಹಲ್ಲಿನ ಅಂಚು ಚೂಪಾಗಿದ್ದರೆ ಪೋನಿ ಒಂದೇ ಕಡೆ ಕಡಿವಾಣ ಕಚ್ಚಿ ಹಿಡಿಯುತ್ತದೆ. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಪೋನಿಗಳ ಹೊಟ್ಟೆ ಗುಂಡಗೆ ಇರುವುದರಿಂದ ಜೀನು ಒಂದು ಕಡೆಗೆ ಜಾರುವುದು ಸಾಮಾನ್ಯ. ಹತ್ತು ನಿಮಿಷ ಓಡಿಸಿದ ಮೇಲೆ ಹಿಂದಿನಿಂದ ಒಮ್ಮೆ ನೋಡಿ. ಸವಾರ, ಜೀನು ಸೇರಿ ತೂಕ ಪೋನಿಯ ತೂಕದ ಐದರಲ್ಲಿ ಒಂದು ಭಾಗ ಮೀರಬಾರದು ಅನ್ನುವುದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. 250 ಕೆಜಿ ಪೋನಿಗೆ ಒಟ್ಟು 50 ಕೆಜಿ. ದೊಡ್ಡವರು ಸಣ್ಣ ಪೋನಿ ಮೇಲೆ ಕೂತು "ಸ್ವಲ್ಪ ಸರಿ ಮಾಡಿಕೊಡ್ತೀನಿ" ಅನ್ನುವ ಅಭ್ಯಾಸ ನಿಲ್ಲಬೇಕು. ಬೇಕಾದರೆ ಕೆಳಗೆ ನಿಂತು ಉದ್ದ ಲಗಾಮಿನಲ್ಲಿ ಕೆಲಸ ಮಾಡಿಸಿ.

ಆಮೇಲೆ ಸವಾರ. ಎ ಹತ್ತಿರ ಕಂಬಕ್ಕೆ ಫೋನ್ ಕಟ್ಟಿ, ಸಿ ಕಡೆಗೆ ನಡುಗೆರೆಯ ಮೇಲೆ ವಾಕ್ ಮಾಡಿಸಿ, ಹಿಂದಿನಿಂದ ವಿಡಿಯೋ ತೆಗೆಯಿರಿ. ಬೆಲ್ಟ್ ಗೆರೆ ಸಮವಾಗಿದೆಯಾ? ಒಂದು ಭುಜ ಕೆಳಗಿದೆಯಾ? ಒಂದು ಹಿಮ್ಮಡಿ ಇನ್ನೊಂದಕ್ಕಿಂತ ಮೇಲಿದೆಯಾ? ದಿನಾ ಭಾರದ ಸ್ಕೂಲ್ ಬ್ಯಾಗ್ ಒಂದೇ ಹೆಗಲಿಗೆ ಹಾಕುವ ಮಕ್ಕಳಲ್ಲಿ ಆ ಬದಿಯ ಸೊಂಟ ಕುಸಿದಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಪೋನಿ ತನ್ನ ಮೇಲಿರುವ ತೂಕದ ಕೆಳಗೆ ಬಂದು ನಿಲ್ಲಲು ನೋಡುತ್ತದೆ. ನೀವು ಎಡಕ್ಕೆ ಕೂತರೆ ಅದು ಎಡಕ್ಕೇ ಹೋಗುತ್ತದೆ. ರಿಕಾಪು (ಪಾದ ಇಡುವ ಕೊಂಡಿ) ಬಿಟ್ಟು ಐದು ನಿಮಿಷ ವಾಕ್ ಮಾಡಿಸಿ. ಎರಡೂ ಕುಂಡಿಯ ಮೂಳೆ ಜೀನಿನ ಮೇಲೆ ಸಮವಾಗಿ ತಾಗುತ್ತಿವೆಯಾ ಅಂತ ಗಮನಿಸಿ. ಟ್ರಾನ್ಸಿಶನ್‌ನ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ ಅಂದರೆ ನಂಬಿ.

ನೆಲ ಓದುವುದು

ಇದು ನನಗೆ ತುಂಬಾ ಇಷ್ಟದ ಪರೀಕ್ಷೆ. ಬೆಳಿಗ್ಗೆ ಇಬ್ಬನಿಗೆ ಮಣ್ಣು ಸ್ವಲ್ಪ ಹಸಿಯಾಗಿರುವಾಗ, ನಡುಗೆರೆಯ ಹತ್ತು ಮೀಟರ್ ಉದ್ದಕ್ಕೆ ಕಾಫಿ ಎಳೆಯುವ ಹಲಗೆಯಿಂದ ನೆಲ ನಯ ಮಾಡಿ. ಅದರ ಮೇಲೆ ಉದ್ದ ಲಗಾಮಿನಲ್ಲಿ, ಕೈಯಿಂದ ಏನನ್ನೂ ತಿದ್ದದೆ, ವಾಕ್ ಮಾಡಿಸಿ. ಇಳಿದು ಬಂದು ಗುರುತು ನೋಡಿ.

ಚುರುಕಾಗಿ ನಡೆಯುವ ಪೋನಿಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ, ಇಲ್ಲವೇ ಅದನ್ನು ದಾಟಿ ಮುಂದೆ ಬೀಳಬೇಕು. ಹಿಂದೆಯೇ ಉಳಿದರೆ ಪೋನಿ ಸೋಮಾರಿಯಾಗಿ ನಡೆಯುತ್ತಿದೆ ಅಂತ. ಈಗ ಪಕ್ಕಕ್ಕೆ ನೋಡಿ. ಹಿಂಗಾಲಿನ ಎರಡೂ ಗುರುತು ಯಾವಾಗಲೂ ಮುಂಗಾಲಿನ ಎಡಕ್ಕೇ ಬಿದ್ದಿವೆಯಾ? ಹಾಗಾದರೆ ಹಿಂಭಾಗ ಎಡಕ್ಕೆ ಜಾರುತ್ತಿದೆ. ಆ ಕಡೆ ಸಾಮಾನ್ಯವಾಗಿ ಪೋನಿ ಸುಲಭವಾಗಿ ಬಾಗುತ್ತದೆ, ಆ ಲಗಾಮು ಕೈಯಲ್ಲಿ ಖಾಲಿ ಖಾಲಿ ಅನ್ನಿಸುತ್ತದೆ. ಇನ್ನೊಂದು ಕಡೆ ಬಿಗಿ, ಆ ಲಗಾಮು ಭಾರ. ನಮ್ಮಲ್ಲಿ ಎಡಗೈಯವರು, ಬಲಗೈಯವರು ಇರುವ ಹಾಗೆ ಕುದುರೆಗಳಿಗೂ ಹುಟ್ಟಿನಿಂದಲೇ ಒಂದು ಬದಿ ಅನುಕೂಲ. ಇದನ್ನು ಕಾಯಿಲೆ ಅಂತ ತಿಳಿಯಬೇಡಿ. ಎರಡೂ ಬದಿಯನ್ನು ಹತ್ತಿರ ಹತ್ತಿರ ಸಮ ಮಾಡುವುದೇ ನಮ್ಮ ಕೆಲಸ. ಗುರುತಿನ ಫೋಟೋ ತೆಗೆದಿಟ್ಟುಕೊಳ್ಳಿ, ತಿಂಗಳು ಬಿಟ್ಟು ಹೋಲಿಸಬಹುದು.

ಇನ್ನೊಂದು ಸೂಕ್ಷ್ಮ ಇದೆ. ಪೋನಿಯ ಭುಜಕ್ಕಿಂತ ಸೊಂಟ ಅಗಲ. ಬೇಲಿಯಿಂದ ಹೊರಭುಜ, ಹೊರಸೊಂಟ ಎರಡನ್ನೂ ಸಮ ದೂರದಲ್ಲಿಟ್ಟರೆ ನೋಡುವವರಿಗೆ ನೇರ ಅನ್ನಿಸುತ್ತದೆ. ಆದರೆ ಒಳಗಿನ ಹಿಂಗಾಲು ಮುಂಗಾಲಿನ ದಾರಿ ಬಿಟ್ಟು ಒಳಗೆ ಬೀಳುತ್ತಿರುತ್ತದೆ. ಅದಕ್ಕೆ ಬೇಲಿ ಪಕ್ಕ ಹೋಗುವಾಗ ಭುಜವನ್ನು ಒಂದು ಚೂರು, ಅಂಗೈ ಅಗಲದಷ್ಟು, ಒಳಗೆ ತರಬೇಕು. ಇದನ್ನೇ ಶೋಲ್ಡರ್ ಫೋರ್ ಅನ್ನುವುದು. ಕತ್ತು ಬಗ್ಗಿಸುವುದಲ್ಲ, ಭುಜ ತರುವುದು.

ಹತ್ತೊಂಬತ್ತನೇ ಶತಮಾನದ ಜರ್ಮನ್ ತರಬೇತುದಾರ ಗುಸ್ತಾವ್ ಸ್ಟೈನ್‌ಬ್ರೆಕ್ಟ್ ಅವರ ಒಂದು ಮಾತನ್ನು ಇವತ್ತಿಗೂ ಎಲ್ಲ ಕಡೆ ಹೇಳುತ್ತಾರೆ: ಕುದುರೆಯನ್ನು ಮುಂದಕ್ಕೆ ನಡೆಸು, ನೇರ ಮಾಡು. ಮುಂದಕ್ಕೆ ಅನ್ನುವುದು ಮೊದಲು ಬಂದಿದೆ, ಗಮನಿಸಿ. ತೆವಳುವ ಪೋನಿಯನ್ನು ಯಾರಿಂದಲೂ ನೇರ ಮಾಡಲು ಆಗುವುದಿಲ್ಲ. ಹಿಂಭಾಗ ಜಾರಿದರೆ ಅದನ್ನು ಕಾಲಿನಿಂದ ಒದ್ದು ಮತ್ತೆ ಸಾಲಿಗೆ ತರುವುದಕ್ಕಿಂತ, ಭುಜವನ್ನು ಸೊಂಟದ ಎದುರಿಗೆ ತಂದಿಡಿ.

ವಾಕ್‌ನಲ್ಲೇ ಶುರು

ಎರಡು ಕೋಲುಗಳನ್ನು ಸುಮಾರು ಒಂದು ಮೀಟರ್ ಅಂತರದಲ್ಲಿ ಸಾಲಾಗಿ ಇಡಿ. ಬೇಲಿ ಹತ್ತಿರ ಬೇಡ, ಬೇಲಿಗೂ ನಡುಗೆರೆಗೂ ಮಧ್ಯದಲ್ಲಿ ಇಡಿ. ಈ ಓಣಿಯಲ್ಲಿ ವಾಕ್ ಮಾಡುತ್ತಾ ಬಂದು, ನಡುವೆ ನಿಲ್ಲಿಸಿ, ನಾಲ್ಕು ಎಣಿಸಿ, ಮತ್ತೆ ಹೊರಡಿ. ಕಣ್ಣು ಎದುರಿಗಿರುವ ಒಂದು ಮರದ ಮೇಲಿರಲಿ, ಪೋನಿಯ ಕಿವಿಯ ಮೇಲೆ ಬೇಡ.

ನಿಲ್ಲಿಸುವುದು ಹೇಗೆ? ಮೂರು ಹೆಜ್ಜೆ ಮೊದಲೇ ತಯಾರಾಗಿ. ಬೆನ್ನು ನೆಟ್ಟಗೆ ಮಾಡಿ ಕೂತು, ಉಸಿರು ಬಿಡಿ. ಪೋನಿಯ ನಡಿಗೆಗೆ ತಕ್ಕ ಹಾಗೆ ತೂಗುತ್ತಿರುವ ನಿಮ್ಮ ಸೊಂಟವನ್ನು ನಿಧಾನ ಮಾಡಿ. ಎರಡೂ ಮೀನಖಂಡ ಹೊಟ್ಟೆಗೆ ಮೆಲ್ಲಗೆ ತಾಗಿರಲಿ. ಕೊನೆಗೆ ಬೆರಳು ಮುಚ್ಚಿ. ಕೈ ಹಿಂದಕ್ಕೆ ಬರಬಾರದು. ಪೋನಿ ನಿಂತ ಆ ಕ್ಷಣವೇ ಬೆರಳು ಸಡಿಲ ಬಿಡಿ. ಕೇಳಿದ್ದು ಸಿಕ್ಕ ಕೂಡಲೇ ಬಿಡುವುದರಿಂದಲೇ ಪೋನಿಗೆ ಇದೇ ಸರಿ ಅಂತ ಗೊತ್ತಾಗುತ್ತದೆ.

ನಿಂತ ಮೇಲೆ ಕೆಳಗಿರುವವರು ಪಕ್ಕದಿಂದ ನೋಡಲಿ. ನಾಲ್ಕು ಕಾಲು ಮೇಜಿನ ಕಾಲಿನ ಹಾಗೆ ಚೌಕವಾಗಿದೆಯಾ, ಒಂದು ಹಿಂಗಾಲು ಹಿಂದೆ ಬಿದ್ದಿದೆಯಾ? ಪ್ರತಿ ಸಲ ಅದೇ ಕಾಲು ಹಿಂದೆ ಉಳಿದರೆ ಆ ಬದಿಯ ಹಿಂಗಾಲು ತೂಕ ಹೊರುವುದನ್ನು ತಪ್ಪಿಸಿಕೊಳ್ಳುತ್ತಿದೆ. ಆ ಬದಿಯ ನಿಮ್ಮ ಕಾಲನ್ನು ನಿಲ್ಲುವ ಒಂದು ಹೆಜ್ಜೆ ಮೊದಲು ಸ್ವಲ್ಪ ಜಾಸ್ತಿ ತಾಗಿಸಿ. ನಿಂತ ಮೇಲೆ ಒದ್ದು ಸರಿ ಮಾಡಲು ಹೋಗಬೇಡಿ. ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ನಿಲ್ಲಿಸಿ.

ಈ ಓಣಿ ಎರಡೂ ದಿಕ್ಕಿನಿಂದ, ಎರಡೂ ಕೈಯಲ್ಲಿ ಚೆನ್ನಾಗಿ ಬಂದ ಮೇಲೆ ಅದರೊಳಗೆ ವಾಕ್‌ನಿಂದ ಟ್ರಾಟ್, ಟ್ರಾಟ್‌ನಿಂದ ವಾಕ್ ಮಾಡಿ. ಆಮೇಲೆ ಒಂದು ಕೋಲು ತೆಗೆಯಿರಿ. ಆಮೇಲೆ ಎರಡನ್ನೂ ತೆಗೆದು, ಅದೇ ಗೆರೆಯ ಮೇಲೆ ಕೋಲು ಇದ್ದ ಹಾಗೆಯೇ ಓಡಿಸಿ. ಕೋಲು ಇದ್ದಾಗ ನೇರ, ಇಲ್ಲದಾಗ ಸೊಟ್ಟ ಅಂದರೆ ಪೋನಿಗೆ ನೇರತನ ಇನ್ನೂ ಬಂದಿಲ್ಲ, ಕೋಲು ನೋಡಿ ನಡೆಯುತ್ತಿದೆ ಅಷ್ಟೇ. ಮತ್ತೆ ಒಂದು ಕೋಲು ಇಡಿ.

ಗೇಟಿನ ಕಡೆ ಎಳೆಯುವ ಪೋನಿ

ಎಲ್ಲ ಪೋನಿಗೂ ಲಾಯ ಎಲ್ಲಿದೆ, ಗೇಟು ಎಲ್ಲಿದೆ ಅಂತ ಚೆನ್ನಾಗಿ ಗೊತ್ತು. 20 ಮೀಟರ್ ಸರ್ಕಲ್‌ನಲ್ಲಿ ಗೇಟು ಬಂದಾಗ ಹೊರಗೆ ಉಬ್ಬುತ್ತದೆ, ಎದುರು ಬದಿಯಲ್ಲಿ ಒಳಗೆ ಬೀಳುತ್ತದೆ. ಸರ್ಕಲ್ ಹೋಗಿ ಮೊಟ್ಟೆ ಆಗುತ್ತದೆ.

ಪಾಠಕ್ಕೆ ಬರುವ ಒಬ್ಬ ಹುಡುಗಿ ಎಡಕ್ಕೆ ಸರ್ಕಲ್ ಮಾಡುತ್ತಿದ್ದಳು. ಗೇಟಿನ ಹತ್ತಿರ ಬಂದಾಗಲೆಲ್ಲ ಎಡ ಲಗಾಮು ಹೊಟ್ಟೆವರೆಗೆ ಎಳೆಯುವುದು, ಪೋನಿಯ ಮೂಗು ಅವಳ ಮೊಣಕಾಲಿಗೆ ಬರುವುದು, ಆದರೂ ಬಲ ಭುಜ ಗೇಟಿಗೇ ಹೋಗುವುದು. "ಅಕ್ಕಾ, ನಾನು ಎಳೀತಾನೇ ಇದೀನಿ, ಇದು ಕೇಳ್ತಾನೇ ಇಲ್ಲ" ಅಂದಳು. "ಎಳೀಬೇಡ ಪುಟ್ಟಿ. ಎಡಗೈ ಮುಂದೆ ಬಿಡು. ಬಲ ಲಗಾಮು ಕತ್ತಿಗೆ ತಾಗಿಸು, ಬಲ ಮೊಣಕಾಲು ಮುಚ್ಚು, ಎದೆ ಸರ್ಕಲ್ ಒಳಗೆ ತಿರುಗಿಸು" ಅಂದೆ. ಕತ್ತು ನೆಟ್ಟಗಾದ ಮೇಲೆ ಎರಡೇ ಹೆಜ್ಜೆಯಲ್ಲಿ ಭುಜ ತಿರುಗಿತು. ಅವಳ ಮುಖ ನೋಡಬೇಕಿತ್ತು.

ಇದು ಎಲ್ಲರೂ ಕಲಿಯಬೇಕಾದದ್ದು. ಒಳಗಿನ ಲಗಾಮು ಕತ್ತನ್ನು ಮಾತ್ರ ತಿರುಗಿಸುತ್ತದೆ. ಭುಜವನ್ನು ತಿರುಗಿಸುವುದು ಹೊರಗಿನ ಲಗಾಮು ಮತ್ತು ಹೊರಗಿನ ಕಾಲು. ಪೋನಿ ಒಳಗೆ ಬೀಳುತ್ತಿದ್ದರೆ ಇದೇ ಲೆಕ್ಕ ತಿರುವುಮುರುವು: ಒಳಗಿನ ಕಾಲು ಗರ್ತ್ (ಹೊಟ್ಟೆಯ ಕೆಳಗೆ ಜೀನು ಬಿಗಿಯುವ ಪಟ್ಟಿ) ಹತ್ತಿರ ತಾಗಿಸಿ, ಪೋನಿಯನ್ನು ಹೊರಗಿನ ಲಗಾಮಿಗೆ ಕಳಿಸಿ. ಬಿಗಿ ಬದಿಯ ಲಗಾಮು ಭಾರ ಅಂತ ಅದನ್ನೇ ಎಳೆದು ಹಿಡಿದರೆ ಪೋನಿ ಅದಕ್ಕೇ ಒರಗಲು ಕಲಿಯುತ್ತದೆ. ಅಲ್ಲಿ ಹಿಂಡಿ ಬಿಡಿ, ಹಿಂಡಿ ಬಿಡಿ. ಖಾಲಿ ಬದಿಯಲ್ಲಿ ಮಾತ್ರ ಕೈ ಅಲುಗಿಸದೆ ಹಗುರಾಗಿ ಹಿಡಿದಿರಿ, ಪೋನಿ ತಾನೇ ಬಂದು ಆ ಲಗಾಮು ಹಿಡಿಯುವವರೆಗೆ. ಇದಕ್ಕೆ ವಾರಗಳೇ ಬೇಕು.

ಗೇಟಿನ ಹತ್ತಿರ ಇಳಿಯುವ ಅಭ್ಯಾಸವನ್ನೂ ಬಿಡಿ. ಪಾಠ ಮುಗಿದಾಗ ಎಕ್ಸ್‌ನಲ್ಲೋ ಎದುರು ಮೂಲೆಯಲ್ಲೋ ಇಳಿದು, ಗರ್ತ್ ಸಡಿಲ ಮಾಡಿ. ಬೆಲ್ಲದ ಚೂರು ಕೊಡುವುದಿದ್ದರೂ ಅಲ್ಲೇ ಕೊಡಿ.

ಟ್ರಾಟ್‌ನಲ್ಲಿ ಹೆಜ್ಜೆ ಎಣಿಸುವುದು

ಪೋನಿಯ ಹೆಜ್ಜೆ ಸಣ್ಣದು, ಬೇಗ ಬೇಗ ಬೀಳುತ್ತದೆ. ದೊಡ್ಡ ಕುದುರೆಯಲ್ಲಿ ಕಲಿತವರು ಪೋನಿ ಮೇಲೆ ಕೂತಾಗ ಎಲ್ಲವೂ ತಡವಾಗುವುದು ಇದರಿಂದಲೇ. ಹಾಗಾಗಿ ಬಾಯಿಬಿಟ್ಟು ಎಣಿಸಿ. ಟ್ರಾಟ್ ಅಂದರೆ ಒಂದು, ಎರಡು, ಒಂದು, ಎರಡು. ಟ್ರಾನ್ಸಿಶನ್ ಆಗುವಾಗ ಈ ತಾಳ ಓಡಬಾರದು, ಸಾಯಬಾರದು. ತಾಳ ಕೆಟ್ಟರೆ ಬೇರೆ ಎಲ್ಲ ಬಿಟ್ಟು ಅದನ್ನು ಮೊದಲು ಸರಿ ಮಾಡಿ.

20 ಮೀಟರ್ ಸರ್ಕಲ್‌ನಲ್ಲಿ ನಾಲ್ಕು ಕಡೆ ಗುರುತು ಇಡಿ. ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ ಇಟ್ಟರೂ ಆದೀತು. ಒಂದರಲ್ಲಿ ವಾಕ್, ಮುಂದಿನದರಲ್ಲಿ ಟ್ರಾಟ್. ಎರಡು ಸುತ್ತು ಆಗುವಷ್ಟರಲ್ಲಿ ಪೋನಿ ಚೀಲ ನೋಡಿ ತಾನೇ ನಿಧಾನ ಆಗಲು ಶುರು ಮಾಡುತ್ತದೆ. ಪೋನಿಗಳ ಬುದ್ಧಿ ಅಂಥದ್ದು. ಕೂಡಲೇ ಕ್ರಮ ಬದಲಾಯಿಸಿ: ಒಂದು ಚೀಲ ಬಿಟ್ಟುಬಿಡಿ, ಎರಡು ಚೀಲದ ನಡುವೆ ಕೇಳಿ. ಅದು ನಿಮ್ಮನ್ನು ಕೇಳಬೇಕು, ಚೀಲವನ್ನಲ್ಲ.

ಆಮೇಲೆ ವಾಕ್ ಹೆಜ್ಜೆ ಕಡಿಮೆ ಮಾಡುತ್ತಾ ಬನ್ನಿ. ಟ್ರಾಟ್‌ನಿಂದ ಬಂದು ಐದು ಹೆಜ್ಜೆ ವಾಕ್, ಮತ್ತೆ ಟ್ರಾಟ್. ಅದು ಸಲೀಸಾದ ಮೇಲೆ ಮೂರು ಹೆಜ್ಜೆ. ಆಮೇಲೆ ಒಂದು. ಕೊನೆಗೆ ವಾಕ್ ಕೇಳಿ, ಬರುವ ಮುಂಚೆಯೇ ಮನಸ್ಸು ಬದಲಾಯಿಸಿ ಟ್ರಾಟ್‌ನಲ್ಲೇ ಮುಂದೆ ಕಳಿಸಿ. ಹಾಫ್ ಹಾಲ್ಟ್ ಅನ್ನುವುದು ಇದೇ. ಪುಸ್ತಕದಲ್ಲಿ ಓದಿ ಅರ್ಥವಾಗದವರಿಗೂ ಹೀಗೆ ಮಾಡಿದಾಗ ಮೈಗೆ ಅರ್ಥವಾಗುತ್ತದೆ. ಪೋನಿಯ ಬೆನ್ನು ಒಂದು ಕ್ಷಣ ನಿಮ್ಮ ಕೆಳಗೆ ಎದ್ದ ಹಾಗೆ ಆಗುತ್ತದೆ, ಕೈಯಲ್ಲಿ ಭಾರ ಕಡಿಮೆಯಾಗುತ್ತದೆ.

ಕೆಳಗೆ ಬರುವ ಟ್ರಾನ್ಸಿಶನ್‌ನಲ್ಲಿ ಮಕ್ಕಳು ಕಾಲು ತೆಗೆದುಬಿಡುತ್ತಾರೆ. ನಿಧಾನ ಆಗಬೇಕಲ್ಲ, ಕಾಲು ಯಾಕೆ ಅಂತ. ಕಾಲು ತೆಗೆದರೆ ಹಿಂಗಾಲು ಹಿಂದೆ ಉಳಿಯುತ್ತದೆ, ಎಲ್ಲ ತೂಕ ಮುಂದಕ್ಕೆ ಬೀಳುತ್ತದೆ, ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ಮೊದಲು ಹೇಳಿದ ಆ ಅಡ್ಡಾದಿಡ್ಡಿ ನಾಲ್ಕು ಹೆಜ್ಜೆಗೆ ಕಾರಣ ಬಹಳ ಸಲ ಇದೇ. ಜೀನಿನ ಫ್ಲಾಪ್‌ಗಿಂತ (ಪಕ್ಕದಲ್ಲಿ ಇಳಿಬಿದ್ದ ಭಾಗ) ಕೆಳಗೆ ಕಾಲು ತಲುಪದ ಸಣ್ಣ ಮಕ್ಕಳಿಗೆ ಉದ್ದನೆಯ ಹಗುರ ಕೋಲು ಕೊಡಿ, ಕಾಲಿನ ಹಿಂದೆ ಮೆಲ್ಲಗೆ ತಾಗಿಸಲು. ಹೊಡೆಯಲು ಅಲ್ಲ. ಬಾಯಿಮಾತಿನಲ್ಲಿ "ವಾಕ್", "ಹೋ" ಅನ್ನುವುದು ಕಲಿಯುವಾಗ ಒಳ್ಳೆಯದೇ, ಆದರೆ ನಿಧಾನವಾಗಿ ಬಿಡಿಸಿ. ಸ್ಪರ್ಧೆಯಲ್ಲಿ ಧ್ವನಿ ಬಳಸಿದರೆ ಅಂಕ ಹೋಗುತ್ತದೆ.

ತಾಳಕ್ಕೆ ತಕ್ಕ ಹಾಗೆ ಎದ್ದು ಕೂರುವ ರೈಸಿಂಗ್ ಟ್ರಾಟ್‌ನಲ್ಲಿ ಪೋನಿಯ ಹೊರಗಿನ ಭುಜ ಮುಂದೆ ಹೋದಾಗ ಏಳಬೇಕು, ಹಿಂದೆ ಬಂದಾಗ ಕೂರಬೇಕು. ರಿಂಗ್‌ನಲ್ಲಿ, ಅಂದರೆ ಅರೀನಾದಲ್ಲಿ, ಇದನ್ನು ಎಲ್ಲರೂ ಪಾಲಿಸುತ್ತಾರೆ. ಎಸ್ಟೇಟ್ ರಸ್ತೆಯಲ್ಲಿ ಸುತ್ತಾಡಲು ಹೋದಾಗ ಮರೆತುಬಿಡುತ್ತಾರೆ. ಗಂಟೆಗಟ್ಟಲೆ ಒಂದೇ ಕಾಲಿನ ಮೇಲೆ ಏಳುತ್ತಾ ಕೂರುತ್ತಾ ಹೋದರೆ ಪೋನಿಯ ಬೆನ್ನಿನ ಒಂದು ಬದಿಗೇ ಎಲ್ಲ ಕೆಲಸ ಬೀಳುತ್ತದೆ. ರಿಂಗ್‌ನಲ್ಲಿ ವಾರವಿಡೀ ಮಾಡಿದ್ದು ಭಾನುವಾರದ ಸವಾರಿಯಲ್ಲಿ ಹೋಗುತ್ತದೆ. ಯಾವ ಭುಜಕ್ಕೆ ಏಳುತ್ತೀರಿ ಅನ್ನುವುದನ್ನು ಒಂದು ತಿರುವಿನಿಂದ ಮುಂದಿನ ತಿರುವಿಗೆ ಬದಲಾಯಿಸಿಕೊಳ್ಳಿ.

ಕ್ಯಾಂಟರ್

ಟ್ರಾಟ್–ವಾಕ್ ನೇರವಾಗಿ ಬರುವವರೆಗೆ ಕ್ಯಾಂಟರ್ ಟ್ರಾನ್ಸಿಶನ್ ತಿದ್ದಲು ಹೋಗಬೇಡಿ, ಸುಮ್ನೆ ಇಬ್ಬರಿಗೂ ಸಿಟ್ಟು ಬರುತ್ತದೆ. ಬಂದ ಮೇಲೆ, ಸರ್ಕಲ್‌ನಲ್ಲಿ ಬೇಲಿಯ ಕಡೆಗೆ ಬರುತ್ತಿರುವಾಗ ಕೇಳಿ. ಒಳಗಿನ ಕಾಲು ಗರ್ತ್ ಹತ್ತಿರ, ಹೊರಗಿನ ಕಾಲು ಒಂದು ಅಂಗೈ ಹಿಂದೆ, ತೂಕ ಒಳಗಿನ ಕುಂಡಿಯ ಮೂಳೆಯ ಮೇಲೆ ಒಂಚೂರು ಜಾಸ್ತಿ.

ಕ್ಯಾಂಟರ್‌ಗೆ ಹಾರುವಾಗ ಹಿಂಭಾಗ ಒಳಗೆ ಬರುವುದು ಎಲ್ಲ ಕುದುರೆಗೂ ಇರುವ ಚಟ. ಹೊರಗಿನ ಕಾಲನ್ನು ತುಂಬಾ ಹಿಂದೆ ತಗೊಂಡು ಜೋರಾಗಿ ಒತ್ತಿದರೆ ಇನ್ನೂ ಜಾಸ್ತಿಯಾಗುತ್ತದೆ. ಕೇಳುವ ಮುಂಚೆ ಎರಡು ಮೂರು ಹೆಜ್ಜೆ ಶೋಲ್ಡರ್ ಫೋರ್ ಮಾಡಿ. ಭುಜ ಒಳಗೆ ಬಂದರೆ ಸೊಂಟಕ್ಕೆ ಒಳಗೆ ಬರಲು ಜಾಗವೇ ಇರುವುದಿಲ್ಲ. ತಪ್ಪು ಲೀಡ್ ಬಂದರೆ, ಅಂದರೆ ಒಳಗಿನ ಮುಂಗಾಲಿನ ಬದಲು ಹೊರಗಿನದು ಮುಂದಾದರೆ, ಎಳೆದು ನಿಲ್ಲಿಸಬೇಡಿ. ಮೆಲ್ಲಗೆ ಟ್ರಾಟ್‌ಗೆ ತಂದು, ತಾಳ ಸರಿಯಾಗುವವರೆಗೆ ಅರ್ಧ ಸುತ್ತು ಹೋಗಿ ಮತ್ತೆ ಕೇಳಿ. ಟ್ರಾಟ್ ಜೋರಾಗುತ್ತಾ ಜೋರಾಗುತ್ತಾ ಕ್ಯಾಂಟರ್‌ಗೆ ಬಿದ್ದರೆ ಅದನ್ನು ಒಪ್ಪಿಕೊಳ್ಳಬೇಡಿ.

ಕ್ಯಾಂಟರ್‌ನಿಂದ ಟ್ರಾಟ್‌ಗೆ ಬಂದ ಮೊದಲ ನಾಲ್ಕು ಹೆಜ್ಜೆ ನೋಡಿ, ಪೋನಿ ಎಷ್ಟು ಕಲಿತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆ ನಾಲ್ಕೂ ತಾಳದಲ್ಲಿ, ನೇರ ಬಂದರೆ ಅವತ್ತಿಗೆ ಪಾಠ ಸಾಕು. ಕತ್ತು ತಟ್ಟಿ, ಲಗಾಮು ಉದ್ದ ಬಿಟ್ಟು, ಹತ್ತು ನಿಮಿಷ ವಾಕ್ ಮಾಡಿಸಿ.

ಒಟ್ಟು ಪಾಠ 40 ನಿಮಿಷ ಮೀರುವುದು ಬೇಡ, ಅದರಲ್ಲಿ ಮೊದಲ ಹತ್ತು, ಕೊನೆಯ ಹತ್ತು ನಿಮಿಷ ಉದ್ದ ಲಗಾಮಿನ ವಾಕ್. ವಾರಕ್ಕೆ ಮೂರು ದಿನ ರಿಂಗ್ ಸಾಕು. ಒಂದು ದಿನ ಸಿಲ್ವರ್ ಓಕ್ ಸಾಲಿನ ರಸ್ತೆಯಲ್ಲಿ ಹೋಗಿ. ಎದುರು ಬದುರು ಮರ ಇರುವ ಕಡೆ ಸರಿಯಾಗಿ ನಡುವೆ ಹಾಲ್ಟ್, ಮುಂದಿನ ಜೋಡಿ ಮರದ ಹತ್ತಿರ ಟ್ರಾಟ್. ರಿಂಗ್ ಕಂಡರೆ ಬೇಸರಪಡುವ ಪೋನಿಯೂ ಇಲ್ಲಿ ಕಿವಿ ಮುಂದಿಟ್ಟು ಕೆಲಸ ಮಾಡುತ್ತದೆ.

ನಡುಗೆರೆ

ಯಾವತ್ತಾದರೂ ಬೆಂಗಳೂರಿಗೆ ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಇದನ್ನು ಅಭ್ಯಾಸ ಮಾಡಿ. ಎ ಯಿಂದ ಒಳಗೆ ಬಂದು, ನಡುಗೆರೆಯ ಮೇಲೆ ಹೋಗಿ, ಎಕ್ಸ್‌ನಲ್ಲಿ ನಿಂತು ನಮಸ್ಕಾರ. ಸಿ ಹತ್ತಿರ ಕೂತ ತೀರ್ಪುಗಾರರು ಪ್ರತಿ ಚಲನೆಗೆ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ನಡುಗೆರೆ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಬರುತ್ತದೆ. ಅಲ್ಲಿ ಬೇಕಾಗುವುದು ಇವೆರಡೇ, ನೇರತನ ಮತ್ತು ಟ್ರಾನ್ಸಿಶನ್. ತಿರುಗುವಾಗ ಬೇಗ ತಿರುಗಿ, ತಡವಾದರೆ ಗೆರೆ ದಾಟಿ ಹೋಗಿ ವಾಪಸ್ ಬರಬೇಕಾಗುತ್ತದೆ. ಗೆರೆಗೆ ಬಂದ ಮೇಲೆ ಸ್ವಲ್ಪ ಮುಂದಕ್ಕೆ ಕಳಿಸಿ. ಹೆದರಿ ನಿಧಾನ ಹೋದಷ್ಟೂ ಹಾವಿನ ಹಾಗೆ ಹರಿದಾಡುತ್ತದೆ. ಆದರೆ ದಿನಾ ಎಕ್ಸ್‌ನಲ್ಲೇ ನಿಲ್ಲಿಸಬೇಡಿ, ಪೋನಿ ಬಾಯಿಪಾಠ ಮಾಡಿಕೊಂಡು ನೀವು ಕೇಳುವ ಮೊದಲೇ ನಿಲ್ಲುತ್ತದೆ. ಹತ್ತು ಸಲ ಹೋದರೆ ಎರಡು ಸಲ ನಿಲ್ಲಿಸಿ, ಉಳಿದದ್ದು ನೇರ ದಾಟಿ ಹೋಗಲಿ.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಬದಿಯಲ್ಲಿ ರಿಂಗ್ ಕೆಸರಾಗಿ ಬಿದ್ದಿರುತ್ತದೆ. ಆ ಕೆಸರಿನಲ್ಲಿ ಟ್ರಾಟ್, ಕ್ಯಾಂಟರ್ ಮಾಡಿಸಿದರೆ ಸ್ನಾಯು ಎಳೆಯುತ್ತದೆ, ಪೋನಿಗೆ ನೆಲದ ಮೇಲಿನ ನಂಬಿಕೆಯೂ ಹೋಗುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಜಲ್ಲಿ ಹಾಕಿದ ಗಟ್ಟಿ ರಸ್ತೆಯಲ್ಲಿ ವಾಕ್–ಹಾಲ್ಟ್ ಮಾತ್ರ ಮಾಡಿ. ಸಣ್ಣ ಏರಿನಲ್ಲಿ ನೇರ ಹತ್ತಿಸಿ, ನಡುವೆ ನಿಲ್ಲಿಸಿ, ಮತ್ತೆ ಹತ್ತಿಸಿ. ಏರಿನಲ್ಲಿ ಪೋನಿ ತಾನಾಗೇ ಹಿಂಗಾಲು ಒಳಗೆ ತಂದು ತಳ್ಳುತ್ತದೆ. ಇಳಿಯುವಾಗ ಇನ್ನೂ ನಿಧಾನ, ಹಿಂಭಾಗ ಪಕ್ಕಕ್ಕೆ ಜಾರಿದ ಕೂಡಲೇ ಒಂದು ಹಾಫ್ ಹಾಲ್ಟ್. ಲಾಯದಲ್ಲಿ ಜಾಗ ಇದ್ದರೆ ಕೈಯಲ್ಲಿ ಹಿಡಿದುಕೊಂಡೇ ಹಾಲ್ಟ್, ಹಿಂದೆ ಎರಡು ಹೆಜ್ಜೆ, ಮತ್ತೆ ಮುಂದೆ ಮಾಡಿಸಬಹುದು.

ವಾಪಸ್ ಬಂದ ಮೇಲೆ ನಾಲ್ಕೂ ಗೊರಸು ಎತ್ತಿ, ಕೆಸರು ಕಿತ್ತು, ತೊಳೆದು, ಬಟ್ಟೆಯಲ್ಲಿ ಒರೆಸಿ ಒಣ ನೆಲದ ಮೇಲೆ ನಿಲ್ಲಿಸಿ. ಮೊಣಕಾಲಿನ ಹಿಂದೆ, ಹೊಟ್ಟೆಯ ಕೆಳಗೆ ಇಂಬಳ ಇದೆಯಾ ನೋಡಿ. ಗೊರಸಿನ ಅಡಿಯ ಮೆತ್ತನೆ ಭಾಗದ ಪಕ್ಕದ ಸಂದಿಯಲ್ಲಿ ಕಪ್ಪಗೆ ಅಂಟಂಟಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಅಲ್ಲಿ ಕೊಳೆಯಲು ಶುರುವಾಗಿದೆ. ಒಂದು ಗೊರಸಿಗೆ ಮಾತ್ರ ಹೀಗಾದರೂ ಪೋನಿ ಆ ಕಾಲಿಗೆ ತೂಕ ಕೊಡದೆ ಸೊಟ್ಟಗೆ ನಡೆಯುತ್ತದೆ, ಹಾಲ್ಟ್‌ನಲ್ಲಿ ಆ ಕಾಲು ಹಿಂದೆ ಉಳಿಯುತ್ತದೆ. ಅಂಥ ದಿನ ಪಾಠ ನಿಲ್ಲಿಸಿ, ಪಶುವೈದ್ಯರಿಗೆ ತೋರಿಸಿ, ಗೊರಸು ಗಟ್ಟಿಯಾಗುವವರೆಗೆ ಜೀನು ಹಾಕಬೇಡಿ.